ವಿಕ್ಕಾ ನಿಜಕ್ಕೂ ಹಳೇ ಧರ್ಮವಾ, ಇಲ್ಲಾ ಮೊನ್ನೆ ಮೊನ್ನೆ ಹುಟ್ಟಿದ್ದಾ?

ಸುಮ್ನೆ_ಕೇಳ್ದೆ
ನಮ್ಮ ಟೀಮ್‌ನಲ್ಲಿ ಮ್ಯಾಂಚೆಸ್ಟರ್‌ನಿಂದ ಕೆಲಸ ಮಾಡುವ ಹುಡುಗಿಯೊಬ್ಬಳಿದ್ದಾಳೆ. ಅಕ್ಟೋಬರ್ 31ಕ್ಕೆ ರಜೆ ಹಾಕಿದ್ದಳು. ಹ್ಯಾಲೋವೀನ್ ಪಾರ್ಟಿನಾ ಅಂತ ಕೇಳಿದೆ. "ಅಲ್ಲ, ಸಾವಿನ್ (Samhain) ಹಬ್ಬ. ನಾನು ವಿಕ್ಕನ್, ಅಂದ್ರೆ ವಿಚ್" ಅಂದಳು. ನಗಾಡ್ತಾ ಹೇಳಿದ್ದಲ್ಲ, ಮಾಮೂಲಿ ವಿಷಯ ಅನ್ನೋ ಹಾಗೆ ಹೇಳಿದಳು.

ಅವಳ ಪ್ರಕಾರ ಇದು ಯೇಸುವಿಗಿಂತ ಹಳೆಯ ಧರ್ಮ. ಚರ್ಚಿನವರು 90 ಲಕ್ಷ ಹೆಂಗಸರನ್ನು ಸುಟ್ಟರಂತೆ. ಉಳಿದವರು ಕಾಡಿನಲ್ಲಿ ಗುಟ್ಟಾಗಿ ಉಳಿಸಿಕೊಂಡು ಬಂದರಂತೆ. ಇದರಲ್ಲಿ ಎಷ್ಟು ನಿಜ? ಇವರು ನಂಬೋದಾದರೂ ಏನು? ನಮ್ಮ ಕಡೆ ಹೇಳುವ ಮಾಟ-ಮಂತ್ರಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ? ಗೊತ್ತಿದ್ದವರು ಹೇಳಿ.

ಬಾಳೆಹೊನ್ನೂರು_ಬಸ್ಸು
ರಜೆ ಸಿಗುತ್ತೆ ಅಂದ್ರೆ ನಾಳೆಯಿಂದ ನಾನೂ ವಿಕ್ಕನ್.

ಹಳೇ_ಪುಸ್ತಕ
ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಈಗ ನಾವು ನೋಡುವ ವಿಕ್ಕಾ ಹೊರಗೆ ಬಂದದ್ದು 1950ರ ದಶಕದ ಇಂಗ್ಲೆಂಡಿನಲ್ಲಿ. ತಂದವನು ಜೆರಾಲ್ಡ್ ಗಾರ್ಡ್ನರ್. ಹುಟ್ಟಿದ್ದು 1884ರಲ್ಲಿ, ಲಿವರ್‌ಪೂಲ್ ಹತ್ತಿರ. ಚಿಕ್ಕಂದಿನಿಂದ ಉಬ್ಬಸ. ನೋಡಿಕೊಳ್ಳುತ್ತಿದ್ದ ದಾದಿಯ ಜೊತೆ 1900ರಲ್ಲಿ ಸಿಲೋನಿಗೆ ಬಂದು ಟೀ ತೋಟದಲ್ಲಿ ಕೆಲಸ ಕಲಿತ. ಅಲ್ಲಿಂದ ಬೋರ್ನಿಯೋ, ಆಮೇಲೆ ಮಲಯದ ರಬ್ಬರ್ ತೋಟ. ಕೊನೆಗೆ ಅಲ್ಲಿಯ ಕಸ್ಟಮ್ಸ್‌ನಲ್ಲಿ ಅಧಿಕಾರಿಯಾಗಿ 1936ರಲ್ಲಿ ನಿವೃತ್ತ. ಶಾಲೆಗೆ ಹೋದವನಲ್ಲ. ಆದರೆ ಮಲಯದ ಕ್ರಿಸ್ ಕತ್ತಿಗಳ ಬಗ್ಗೆ ಪುಸ್ತಕವನ್ನೇ ಬರೆದಿದ್ದ. ಕತ್ತಿ ಅಂದರೆ ಪ್ರಾಣ. ವಿಕ್ಕಾ ಪೂಜೆಯಲ್ಲಿ ಕಪ್ಪು ಹಿಡಿಯ ಚಾಕು ಅಷ್ಟು ಮುಖ್ಯ ಆದದ್ದು ಸುಮ್ನೆ ಅಲ್ಲ ಅಂತ ನನಗೆ ಅನ್ನಿಸುತ್ತೆ.

1939ರಲ್ಲಿ ದಕ್ಷಿಣ ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಕಡೆ ಹಳೇ ವಿಚ್‌ಗಳ ಗುಂಪೊಂದು ತನಗೆ ದೀಕ್ಷೆ ಕೊಟ್ಟಿತು ಅಂತ ಅವನೇ ಹೇಳಿದ. ಆಗ ಬ್ರಿಟನ್ನಿನಲ್ಲಿ 1735ರ ವಿಚ್‌ಕ್ರಾಫ್ಟ್ ಕಾಯ್ದೆ ಇನ್ನೂ ಜಾರಿಯಲ್ಲಿತ್ತು. ಅದು ವಿಚ್‌ಗಳನ್ನು ಕೊಲ್ಲುವ ಕಾಯ್ದೆ ಅಲ್ಲ, "ನನಗೆ ಮಂತ್ರಶಕ್ತಿ ಇದೆ" ಅಂತ ನಾಟಕ ಆಡುವವರನ್ನು ಜೈಲಿಗೆ ಹಾಕುವ ಕಾಯ್ದೆ. 1944ರಲ್ಲಿ ಹೆಲೆನ್ ಡಂಕನ್ ಅನ್ನುವ, ದೆವ್ವಗಳ ಜೊತೆ ಮಾತಾಡಿಸುತ್ತೇನೆ ಅನ್ನುತ್ತಿದ್ದ ಹೆಂಗಸಿಗೆ ಅದರಡಿ ಒಂಬತ್ತು ತಿಂಗಳು ಶಿಕ್ಷೆ ಆಗಿತ್ತು. 1951ರಲ್ಲಿ ಆ ಕಾಯ್ದೆ ರದ್ದಾಯಿತು. 1954ರಲ್ಲಿ ಗಾರ್ಡ್ನರ್ 'ವಿಚ್‌ಕ್ರಾಫ್ಟ್ ಟುಡೇ' ಪುಸ್ತಕ ತಂದ. ಅದಕ್ಕೂ ಮೊದಲು, 1949ರಲ್ಲಿ, ಇದನ್ನೆಲ್ಲ ಕಾದಂಬರಿ ಅಂತ ಬರೆದು ಗುಪ್ತನಾಮದಲ್ಲಿ ಅಚ್ಚು ಹಾಕಿಸಿದ್ದ.

ಕರಿಮೆಣಸು
ಅಂದ್ರೆ ರಿಟೈರ್ ಆದ ಕಸ್ಟಮ್ಸ್ ಆಫೀಸರ್ ಹೊತ್ತು ಹೋಗದೆ ಮಾಡಿದ್ದು. ಅಷ್ಟೇ ತಾನೆ? ಅಲ್ಲಿ ಇಲ್ಲಿ ಮಿಕ್ಕಿದ್ದನ್ನೆಲ್ಲ ಹಾಕಿ ಒಗ್ಗರಣೆ ಕೊಟ್ಟ ಚಿತ್ರಾನ್ನ. ಅದನ್ನು ಹತ್ತು ಸಾವಿರ ವರ್ಷ ಹಳೆಯದು ಅಂತ ಮಾರೋದು.

ಅಡುಗೆಮನೆ_ಅನಸೂಯ
ಚಿತ್ರಾನ್ನಕ್ಕೆ ಏನಾಗಿದೆ ಅಂತ?

ಹಳೇ_ಪುಸ್ತಕ
> ಅಲ್ಲಿ ಇಲ್ಲಿ ಮಿಕ್ಕಿದ್ದನ್ನೆಲ್ಲ

ಮಿಕ್ಕಿದ್ದು ಯಾವುದು ಅಂತ ನೋಡಿದರೆ ತಮಾಷೆಯಾಗಿದೆ. ಫ್ರೀಮೇಸನ್ ಅನ್ನುವ ಗುಪ್ತ ಸಂಘದವರ ದೀಕ್ಷೆಯ ಕ್ರಮ ಇದೆ, ಮೂರು ಮೆಟ್ಟಿಲು. ಹಳೇ ಮಂತ್ರಗ್ರಂಥಗಳ ವೃತ್ತ, ಕತ್ತಿ ಇದೆ. ಲೆಲ್ಯಾಂಡ್ ಅನ್ನುವ ಅಮೆರಿಕದವನು 1899ರಲ್ಲಿ ಇಟಲಿಯ ಮಾಟಗಾತಿಯರ ಕಥೆ ಅಂತ ಅಚ್ಚು ಹಾಕಿಸಿದ 'ಅರಾಡಿಯಾ' ಪುಸ್ತಕದ ಸಾಲುಗಳಿವೆ. ಇಂಗ್ಲೆಂಡಿನ ಹೆಸರಾಂತ ಮಂತ್ರವಾದಿ ಅಲಿಸ್ಟರ್ ಕ್ರೌಲಿಯ ಬರಹ ಧಾರಾಳವಾಗಿದೆ. ಗಾರ್ಡ್ನರ್ ಅವನನ್ನು 1947ರಲ್ಲಿ ಹೋಗಿ ನೋಡಿದ್ದ, ಕ್ರೌಲಿ ಅದೇ ವರ್ಷದ ಕೊನೆಗೆ ಸತ್ತ.

ಇದಕ್ಕೆಲ್ಲ ಬೆನ್ನೆಲುಬು ಕೊಟ್ಟವಳು ಮಾರ್ಗರೆಟ್ ಮರ್ರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಈಜಿಪ್ಟ್ ತಜ್ಞೆ. 1921ರಲ್ಲಿ ಪುಸ್ತಕ ಬರೆದು, ಯುರೋಪಿನಲ್ಲಿ ಮಾಟಗಾತಿಯರು ಅಂತ ಕೊಂದದ್ದು ನಿಜವಾಗಿ ಹಳೇ ಧರ್ಮವೊಂದನ್ನು ಅನುಸರಿಸುತ್ತಿದ್ದವರನ್ನು, ಅವರಿಗೆ ಕೊಂಬಿನ ದೇವರಿದ್ದ, ಹದಿಮೂರು ಜನರ ಗುಂಪುಗಳಿದ್ದವು ಅಂದಳು. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾಗೆ 1929ರಲ್ಲಿ ವಿಚ್‌ಕ್ರಾಫ್ಟ್ ಬಗ್ಗೆ ಬರೆದವಳೂ ಅವಳೇ. ತನ್ನ ವಾದವನ್ನೇ ಒಪ್ಪಿತ ಸತ್ಯ ಅನ್ನೋ ಹಾಗೆ ಬರೆದಳು, ಅದು 1960ರ ದಶಕದವರೆಗೂ ಹಾಗೇ ಉಳಿಯಿತು. ಜನ ನಂಬದೆ ಇನ್ನೇನು ಮಾಡ್ತಾರೆ?

ಅವಳ ಆಧಾರ ಏನು ಗೊತ್ತಾ? ಕೋರ್ಟಿನ ತಪ್ಪೊಪ್ಪಿಗೆಗಳು. ಎಷ್ಟೋ ಹಿಂಸೆ ಕೊಟ್ಟು ಹೇಳಿಸಿದ್ದು. ಅದರಲ್ಲೂ ಗಾಳಿಯಲ್ಲಿ ಹಾರಿದೆ, ಪ್ರಾಣಿಯಾದೆ ಅನ್ನುವಂಥ ಸಾಲುಗಳನ್ನು ಬಿಟ್ಟು, ನಂಬುವ ಹಾಗಿರುವುದನ್ನು ಮಾತ್ರ ಎತ್ತಿಕೊಂಡಿದ್ದಳು. 1975ರಲ್ಲಿ ಇತಿಹಾಸಕಾರ ನಾರ್ಮನ್ ಕೋನ್ ಅವಳ ಉಲ್ಲೇಖಗಳನ್ನು ಮೂಲದ ಜೊತೆ ಇಟ್ಟು ನೋಡಿ ಇದನ್ನು ತೋರಿಸಿದ. 1999ರಲ್ಲಿ ಇನ್ನೊಬ್ಬ ಇತಿಹಾಸಕಾರ ರೊನಾಲ್ಡ್ ಹಟನ್ ವಿಕ್ಕಾದ ಪೂರ್ತಿ ಇತಿಹಾಸ ಬರೆದ ಮೇಲೆ ಅದನ್ನು ಅನುಸರಿಸುವವರಲ್ಲೇ ತುಂಬಾ ಜನ "ಹೌದು, ನಮ್ಮದು ಹೊಸದು" ಅಂತ ಒಪ್ಪಿಕೊಂಡರು. ನಿಮ್ಮ ಟೀಮಿನ ಹುಡುಗಿ ಇನ್ನೂ ಹಳೇ ಪಾಠದಲ್ಲೇ ಇದ್ದಾಳೆ.

ಎಲ್ಲಾ_ನಮ್ಮದೇ
ಮಾರ್ಗರೆಟ್ ಮರ್ರೆ ಹುಟ್ಟಿದ್ದು ಎಲ್ಲಿ ಅಂತ ಹುಡುಕಿ ನೋಡಿ. ಕಲ್ಕತ್ತಾ, 1863. ಗಾರ್ಡ್ನರ್‌ಗೆ ದೀಕ್ಷೆ ಕೊಟ್ಟಳು ಅನ್ನುವ ಡೊರೊಥಿ ಕ್ಲಟರ್‌ಬಕ್ ಹುಟ್ಟಿದ್ದು? ಅದೂ ಭಾರತ, 1880. ಅವಳಪ್ಪ ಇಲ್ಲಿ ಸೈನ್ಯದಲ್ಲಿದ್ದ. ಗಾರ್ಡ್ನರ್ ಸಿಲೋನಿನಲ್ಲಿದ್ದ. ದೇವಿ ಪೂಜೆ, ಪುನರ್ಜನ್ಮ, ಕರ್ಮ, ಪ್ರದಕ್ಷಿಣೆ. ಇನ್ನೂ ಹೇಳಬೇಕಾ? ನಮ್ಮ ಶಾಕ್ತ ಪಂಥವನ್ನೇ ಎತ್ತಿಕೊಂಡು ಹೋಗಿ ಇಂಗ್ಲಿಷ್ ಹೆಸರಿಟ್ಟಿದ್ದಾರೆ.

ಕರಿಮೆಣಸು
ಬಂದ್ರಪ್ಪ.

ಹಳೇ_ಪುಸ್ತಕ
ಹುಟ್ಟಿದ ಊರು ನಿಜ ಸಾರ್. ಆದರೆ ಬ್ರಿಟಿಷರ ಕಾಲದಲ್ಲಿ ಅರ್ಧ ಅಧಿಕಾರಿಗಳ ಮಕ್ಕಳು ಇಲ್ಲೇ ಹುಟ್ಟಿದ್ದು. ಹುಟ್ಟಿದ ತಕ್ಷಣ ತಂತ್ರಶಾಸ್ತ್ರ ಬಂದುಬಿಡುತ್ತಾ? ಕ್ಲಟರ್‌ಬಕ್ ಬಗ್ಗೆಯಂತೂ, ಆಕೆ ಹೊರಗೆ ಚರ್ಚಿಗೆ ನಡೆದುಕೊಳ್ಳುವ ಗೌರವಸ್ಥ ಸಾಹುಕಾರ್ತಿ. ಹಟನ್ ಆಕೆ ವಿಚ್ ಆಗಿದ್ದಳು ಅನ್ನೋದನ್ನೇ ನಂಬೋದಿಲ್ಲ. ಗಾರ್ಡ್ನರನ ಜೀವನಚರಿತ್ರೆ ಬರೆದ ಫಿಲಿಪ್ ಹೆಸೆಲ್ಟನ್ ಆ ಗುಂಪು ಇದ್ದಿರಬಹುದು ಅಂತ ಬೇರೆ ಸಾಕ್ಷಿ ಜೋಡಿಸುತ್ತಾನೆ. ಜಗಳ ಇನ್ನೂ ಮುಗಿದಿಲ್ಲ.

ಪುನರ್ಜನ್ಮ, ಕರ್ಮ ಇಂಗ್ಲೆಂಡಿಗೆ ಹೋದದ್ದು ಬಹಳ ಮಟ್ಟಿಗೆ ಥಿಯಾಸಫಿಯವರ (ಬ್ರಹ್ಮವಿದ್ಯಾ ಸಮಾಜದವರ) ಕೈಯಿಂದ, ಅದನ್ನು ಒಪ್ಪುತ್ತೇನೆ. ಅದಕ್ಕಿಂತ ಜಾಸ್ತಿ ಎಳೆಯಬೇಡಿ.

ನಿಮಗೆ ಖುಷಿಯಾಗುವ ಒಂದು ವಿಷಯ ಬೇಕಾದರೆ ಕೊಡ್ತೀನಿ. ವಿಕ್ಕನ್‌ಗಳ ಪೂಜಾ ಪುಸ್ತಕಕ್ಕೆ 'ಬುಕ್ ಆಫ್ ಶ್ಯಾಡೋಸ್' ಅಂತ ಹೆಸರು. 1949ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಮೀರ್ ಬಶೀರ್ ಅನ್ನುವ ಕೈರೇಖೆ ನೋಡುವವರು ಇದೇ ಹೆಸರಿನ ಲೇಖನ ಬರೆದಿದ್ದರು. ಮನುಷ್ಯನ ನೆರಳಿನ ಉದ್ದ ಅಳೆದು ಭವಿಷ್ಯ ಹೇಳುವ ಸಂಸ್ಕೃತ ಗ್ರಂಥದ ಬಗ್ಗೆ. ಅದರ ಎದುರು ಪುಟದಲ್ಲೇ ಗಾರ್ಡ್ನರನ ಕಾದಂಬರಿಯ ಜಾಹೀರಾತು! ಹೆಸರು ಅಲ್ಲಿಂದಲೇ ಎತ್ತಿರಬೇಕು ಅಂತ ಅವನ ಶಿಷ್ಯೆ ಡೋರೀನ್ ವ್ಯಾಲಿಯೆಂಟೆಯೇ ಊಹಿಸಿದ್ದಾಳೆ.

ಎಲ್ಲಾ_ನಮ್ಮದೇ
ನಾನು ಹೇಳಿದ್ದೂ ಅದನ್ನೇ.

ಹಳೇ_ಪುಸ್ತಕ
ಅಲ್ಲ.

ಲೀಡ್ಸ್_ಲಲಿತಾ
ನೀವೆಲ್ಲ ಪುಸ್ತಕ ಹಿಡ್ಕೊಂಡು ಜಗಳ ಆಡ್ತಿದ್ದೀರಿ, ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ. ನಮ್ಮ ಪಕ್ಕದ ಮನೆಯವರು ನಿವೃತ್ತ ನರ್ಸ್, ವಿಕ್ಕನ್. ಮೇ ಮೊದಲನೇ ವಾರ ಬೆಲ್ಟೇನ್ ಹಬ್ಬಕ್ಕೆ ಕರೆದಿದ್ದರು. ಹಿತ್ತಲಲ್ಲಿ ಹುಲ್ಲಿನ ಮೇಲೆ ಹಗ್ಗ ಹಾಕಿ ವೃತ್ತ ಮಾಡಿದ್ದರು. ಉತ್ತರದ ಕಡೆ ಚಿಕ್ಕ ಮೇಜು. ಅದರ ಮೇಲೆ ಎರಡು ಮೋಂಬತ್ತಿ, ಒಂದು ಬಟ್ಟಲು ಉಪ್ಪು, ಒಂದು ಬಟ್ಟಲು ನೀರು, ಊದುಬತ್ತಿ. ಊದುಬತ್ತಿ ನಮ್ಮದೇ, ಮೈಸೂರಿನದು, ಡಬ್ಬಿ ನೋಡಿದೆ. ಕಪ್ಪು ಹಿಡಿಯ ಚಾಕುವಿಗೆ ಅಥಾಮೆ ಅಂತಾರೆ. ಅದರಲ್ಲಿ ಏನನ್ನೂ ಕತ್ತರಿಸೋ ಹಾಗಿಲ್ಲವಂತೆ.

ಚಾಕುವಿನ ತುದಿಯಲ್ಲಿ ಉಪ್ಪು ತೆಗೆದು ನೀರಿಗೆ ಹಾಕಿ, ಆ ನೀರನ್ನು ಸುತ್ತ ಚಿಮುಕಿಸಿದರು. ಬಲಕ್ಕೆ ಸುತ್ತು ಬಂದರು. ಆಮೇಲೆ ದಿಕ್ಕುಗಳನ್ನು ಕರೆಯೋದು. ಪೂರ್ವ ಗಾಳಿ, ದಕ್ಷಿಣ ಬೆಂಕಿ, ಪಶ್ಚಿಮ ನೀರು, ಉತ್ತರ ಮಣ್ಣು. ಪಶ್ಚಿಮಕ್ಕೆ ಬಂದಾಗ ಯಾರದೋ ಫೋನ್ ಹೊಡ್ಕೊಂಡಿತು, ಎಲ್ಲರೂ ನಕ್ಕರು, ಮತ್ತೆ ಶುರು ಮಾಡಿದರು. ದೇವಿಯನ್ನು, ಕೊಂಬಿನ ದೇವರನ್ನು ಕರೆದರು. ಜೇನು ಹಾಕಿದ ಓಟ್ಸ್ ಬಿಸ್ಕತ್ತು, ವೈನ್ ಎಲ್ಲರ ಕೈಗೂ ದಾಟಿತು. ಮೊದಲ ತುಣುಕು, ಮೊದಲ ಹನಿ ನೆಲಕ್ಕೆ. ನನಗೆ ಆಪಲ್ ಜ್ಯೂಸ್ ಕೊಟ್ಟರು.

ಬೆಂಕಿ ಹಾರಬೇಕಿತ್ತು. ಅಷ್ಟರಲ್ಲಿ ಮಳೆ. ಬಾರ್ಬೆಕ್ಯೂ ತಟ್ಟೆಯಲ್ಲಿ ನಾಲ್ಕು ಕೆಂಡ ಉಳಿದಿತ್ತು, ರೇನ್‌ಕೋಟ್ ಹಾಕ್ಕೊಂಡೇ ಎಲ್ಲರೂ ಅದನ್ನೇ ದಾಟಿದರು. ನಾನೂ ದಾಟಿದೆ.

ಬೆತ್ತಲೆ ಪೂಜೆ ಅಂತ ಕೇಳೋರಿಗೆ ಮೊದಲೇ ಹೇಳಿಬಿಡ್ತೀನಿ, ಸ್ವೆಟರ್ ಮೇಲೆ ಸ್ವೆಟರ್ ಹಾಕಿದ್ದರು.

ಬಾಳೆಹೊನ್ನೂರು_ಬಸ್ಸು
ಕೇಳೋಣ ಅಂತಲೇ ಬಂದಿದ್ದೆ 😄

ಹಳೇ_ಪುಸ್ತಕ
ಗಾರ್ಡ್ನರನ ಕಾಲದಲ್ಲಿ ಅದು ಕಡ್ಡಾಯವೇ ಆಗಿತ್ತು. ಅವನು ನಗ್ನರ ಕ್ಲಬ್ಬಿನ ಸದಸ್ಯ. ಹರ್ಟ್‌ಫರ್ಡ್‌ಶೈರ್‌ನ ಬ್ರಿಕೆಟ್ ವುಡ್‌ನಲ್ಲಿ ಅವನ ಗುಂಪು ಸೇರುತ್ತಿದ್ದದ್ದು ಅಂಥದೇ ಕ್ಲಬ್ಬಿನ ಜಾಗದಲ್ಲಿ. ಈಗಲೂ ಅವನ ಪರಂಪರೆಯ ಕೆಲವು ಗುಂಪುಗಳಲ್ಲಿ ಒಳಗಿನ ಪೂಜೆ ಹಾಗೇ ನಡೆಯುತ್ತೆ. ಲಲಿತಕ್ಕ ನೋಡಿದ್ದು ಊರಿಗೆಲ್ಲ ತೆರೆದ ಹಬ್ಬ.

ಸುಮ್ನೆ_ಕೇಳ್ದೆ
ಇದು ಚೆನ್ನಾಗಿದೆ. ಹಾಗಾದ್ರೆ ನಂಬಿಕೆ ಅಂತ ಒಂದು ಪಟ್ಟಿ ಇದೆಯಾ? ಮಾಟ ಮಾಡಿ ಬೇರೆಯವರಿಗೆ ಕೆಟ್ಟದ್ದು ಮಾಡೋದು ಇದೆಯೋ ಇಲ್ಲವೋ?

ಲೀಡ್ಸ್_ಲಲಿತಾ
ಯಾರಿಗೂ ನೋವಾಗದ ಹಾಗಿದ್ದರೆ ನಿನ್ನ ಇಷ್ಟದಂತೆ ಮಾಡು. ಇದು ಅವರ ಮುಖ್ಯ ಮಾತು. ಮಾಡಿದ್ದು ಮೂರು ಪಟ್ಟಾಗಿ ತಿರುಗಿ ಬರುತ್ತೆ ಅಂತಲೂ ತುಂಬಾ ಜನ ನಂಬುತ್ತಾರೆ. ಪಕ್ಕದ ಮನೆಯವರನ್ನು ಕೇಳಿದ್ದೆ, ಯಾರಿಗಾದರೂ ಮಾಟ ಮಾಡಿದ್ದೀರಾ ಅಂತ. "ಮೊಮ್ಮಗನ ಡ್ರೈವಿಂಗ್ ಟೆಸ್ಟ್‌ಗೆ ಒಂದು ಮೋಂಬತ್ತಿ ಹಚ್ಚಿದ್ದೆ, ಫೇಲಾದ" ಅಂದರು.

ಕರಿಮೆಣಸು
ಮಾಟವೂ ಫೇಲು, ಹುಡುಗನೂ ಫೇಲು.

ಹಳೇ_ಪುಸ್ತಕ
ಪಟ್ಟಿ ಅಂತ ಇಲ್ಲ, ಒಂದೇ ಗ್ರಂಥವೂ ಇಲ್ಲ, ಪೋಪ್ ಥರ ಮೇಲಿನವರೂ ಇಲ್ಲ. ದೇವಿ, ದೇವರು ಇಬ್ಬರೂ ಇದ್ದಾರೆ ಅನ್ನುವವರಿದ್ದಾರೆ. ಎಲ್ಲ ದೇವತೆಗಳೂ ನಮ್ಮ ಮನಸ್ಸಿನ ರೂಪ ಅನ್ನುವವರೂ ಇದ್ದಾರೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಹೆಂಗಸರೇ ಸೇರಿ ಕಟ್ಟಿದ ಡಯಾನಿಕ್ ಶಾಖೆಗೆ ದೇವಿ ಒಬ್ಬಳೇ ಸಾಕು.

ಹಬ್ಬ ಎಂಟು. ಸಾವಿನ್, ಇಂಬೊಲ್ಕ್, ಬೆಲ್ಟೇನ್, ಲೂನಸಾ ಈ ನಾಲ್ಕು ಹಳೇ ಐರಿಷ್ ಬರಹಗಳಲ್ಲೇ ಸಿಗುತ್ತವೆ. ಇನ್ನು ನಾಲ್ಕು ಸೂರ್ಯನ ಲೆಕ್ಕದವು. ಎಂಟನ್ನೂ ಒಂದೇ ಚಕ್ರ ಮಾಡಿ ಆಚರಿಸೋದು 1950ರ ದಶಕದ ರೂಢಿ. ಓಸ್ಟಾರ, ಲಿಥಾ, ಮೇಬನ್ ಅನ್ನುವ ಹೆಸರುಗಳನ್ನು ಹೊಂದಿಸಿದ್ದು 1970ರ ದಶಕದಲ್ಲಿ ಏಡನ್ ಕೆಲ್ಲಿ ಅನ್ನುವ ಅಮೆರಿಕದವನು.

ಅಡುಗೆಮನೆ_ಅನಸೂಯ
ಸಾವಿನ್‌ಗೆ ಸತ್ತವರಿಗೆ ಎಡೆ ಇಡ್ತಾರಂತಲ್ಲ? ನಮ್ಮ ಪಿತೃಪಕ್ಷದ ಆಸುಪಾಸಿನಲ್ಲೇ ಬರುತ್ತೆ ನೋಡಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಈ ಸಲ ಹ್ಯಾಲೋವೀನ್ ಅಂತ ಎಂಟನೇ ಮಹಡಿ ಮಕ್ಕಳು ಬಾಗಿಲು ಬಡಿದು ಚಾಕಲೇಟ್ ಕೇಳಿದರು. ನಾನು ಕೋಡುಬಳೆ ಕೊಟ್ಟೆ. ಮುಖ ಸಪ್ಪೆ ಮಾಡ್ಕೊಂಡು ಹೋದರು.

ಬಾಳೆಹೊನ್ನೂರು_ಬಸ್ಸು
ನಿಮ್ಮ ಮನೆ ನಂಬರ್ ಕೊಡಿ, ಮುಂದಿನ ವರ್ಷ ನಾನು ಬರ್ತೀನಿ.

ಹಳೇ_ಪುಸ್ತಕ
90 ಲಕ್ಷದ ವಿಷಯ ಉಳಿದುಬಿಟ್ಟಿತು. ಅದು ಪೂರ್ತಿ ಸುಳ್ಳು ಲೆಕ್ಕ. 18ನೇ ಶತಮಾನದಲ್ಲಿ ಫಾಯ್ಗ್ಟ್ ಅನ್ನುವ ಜರ್ಮನ್ ಒಬ್ಬ ತನ್ನೂರು ಕ್ವೆಡ್ಲಿನ್‌ಬುರ್ಗ್‌ನ ಕಡತದಲ್ಲಿ ಸಿಕ್ಕಿದ ಕೆಲವೇ ಪ್ರಕರಣಗಳನ್ನು ಇಡೀ ಯುರೋಪಿಗೆ, ಶತಮಾನಗಳಿಗೆ ಗುಣಿಸಿದ. ಇವತ್ತಿನ ಇತಿಹಾಸಕಾರರ ಅಂದಾಜು 40,000ದಿಂದ 60,000. ಹೆಚ್ಚಿನವು 1450ರಿಂದ 1750ರ ನಡುವೆ. ಸುಮಾರು ಕಾಲು ಭಾಗ ಗಂಡಸರು. ಐಸ್‌ಲ್ಯಾಂಡಿನಲ್ಲಂತೂ ಗಂಡಸರೇ ಹೆಚ್ಚು. ಇಂಗ್ಲೆಂಡಿನಲ್ಲಿ ಮಾಟಗಾತಿ ಅಂತ ಶಿಕ್ಷೆಯಾದವರನ್ನು ಸುಡುತ್ತಿರಲಿಲ್ಲ, ನೇಣು ಹಾಕುತ್ತಿದ್ದರು. ಅಮೆರಿಕದ ಸೇಲಂನಲ್ಲಿ 1692ರಲ್ಲೂ 19 ಜನರಿಗೆ ನೇಣೇ.

ಮುಖ್ಯ ವಿಷಯ ಇನ್ನೊಂದು. ಸತ್ತವರಲ್ಲಿ ಹೆಚ್ಚು ಕಡಿಮೆ ಎಲ್ಲರೂ ಮಾಮೂಲಿ ಕ್ರಿಶ್ಚಿಯನ್ನರು. ಪಕ್ಕದವಳ ಹಸು ಸತ್ತಿತು, ಮಗುವಿಗೆ ಜ್ವರ ಬಂತು ಅಂತ ದೂರು ಹೇಳಿಸಿಕೊಂಡವರು. ಅವರನ್ನು ನಮ್ಮ ಧರ್ಮದ ಹುತಾತ್ಮರು ಅಂತ ಕರೆಯೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ನೀಲಿ_ಕೊಡೆ
ಇಲ್ಲಿ ನನ್ನ ತಕರಾರಿದೆ. ಲೆಕ್ಕ ತಪ್ಪು ಅಂತ ನೆನಪು ಮಾಡಿಕೊಳ್ಳೋದೂ ತಪ್ಪಾ? ಸ್ಕಾಟ್ಲೆಂಡಿನಲ್ಲಿ ಸುಮಾರು 3,800 ಜನರ ಮೇಲೆ ಈ ಆರೋಪ ಬಂದಿತ್ತು. ಅವರಿಗೋಸ್ಕರ 2022ರ ಮಾರ್ಚ್ 8ರಂದು ಅಲ್ಲಿಯ ಫಸ್ಟ್ ಮಿನಿಸ್ಟರ್ ನಿಕೋಲಾ ಸ್ಟರ್ಜನ್ ಪಾರ್ಲಿಮೆಂಟಿನಲ್ಲೇ ಕ್ಷಮೆ ಕೇಳಿದರು. ವಿಕ್ಕನ್ ಹೆಂಗಸರು ಆ ಸತ್ತವರ ಹೆಸರು ಓದಿ ದೀಪ ಹಚ್ಚಿದರೆ ನಿಮಗೇನು ಕಷ್ಟ? ಪ್ರತಿ ಧರ್ಮವೂ ಯಾವತ್ತೋ ಒಂದು ದಿನ ಹೊಸದಾಗಿತ್ತು. ಇವರದು ಹುಟ್ಟಿದ ದಿನ ಗೊತ್ತಿದೆ ಅನ್ನೋದೇ ಇವರ ತಪ್ಪಾ?

ಹಳೇ_ಪುಸ್ತಕ
ದೀಪ ಹಚ್ಚಲಿ. ವಂಶವೃಕ್ಷ ಮಾತ್ರ ಬರೆಯಬೇಡಿ ಅನ್ನೋದು ನನ್ನ ವಾದ.

ಬೀದರ_ಕೋಟೆ
ಇಷ್ಟೊತ್ತು ಓದಿದೆ. ಮೊದಲನೇ ಪೋಸ್ಟಿನಲ್ಲಿ ನಮ್ಮ ಕಡೆಯ ಮಾಟದ ಬಗ್ಗೆ ಕೇಳಿದ್ದರಲ್ಲ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ನಮ್ಮ ಬೀದರ-ಕಲಬುರಗಿ ಕಡೆ ಬಾನಾಮತಿ ಅಂದರೆ ಇವತ್ತಿಗೂ ಜನ ದನಿ ತಗ್ಗಿಸಿ ಮಾತಾಡ್ತಾರೆ. ಹೆಂಗಸರು ಇದ್ದಕ್ಕಿದ್ದಂತೆ ನಾಯಿ ಥರ ಬೊಗಳೋದು, ಬಟ್ಟೆಗೆ ಬೆಂಕಿ ಹತ್ತೋದು ಅಂತೆಲ್ಲ ಹೇಳ್ತಾರೆ. ಮನೋವೈದ್ಯರು ಬಂದು ನೋಡಿ ಇದು ಮನಸ್ಸಿನ ಒತ್ತಡದ್ದು ಅಂತ ಹೇಳಿ ಹೋದರೂ, "ಮಾಡಿಸಿದವರು ಯಾರು" ಅಂತ ಹುಡುಕೋದು ನಿಲ್ಲೋದಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಓಣಿಯ ವಿಧವೆಯೊಬ್ಬರ ಮೇಲೆ ಹೀಗೆ ಮಾತು ಬಂತು. ಅವರ ಅಂಗಳದ ಬೇವಿನ ಕಟ್ಟೆಗೆ ಯಾರೂ ಕೂರಲು ಹೋಗುತ್ತಿರಲಿಲ್ಲ. ಕಿರಾಣಿ ಅಂಗಡಿಯವನು ಅವರ ಕೈಯಿಂದ ದುಡ್ಡು ಇಸ್ಕೊಳ್ಳೋದೇ ಬಿಟ್ಟ, ಕಟ್ಟೆ ಮೇಲೆ ಇಡಿ ಅಂತಿದ್ದ.

ಮ್ಯಾಂಚೆಸ್ಟರ್ ಹುಡುಗಿ ತಾನೇ ಇಷ್ಟಪಟ್ಟು ವಿಚ್ ಅಂತ ಹೇಳಿಕೊಳ್ತಾಳೆ, ರಜೆ ಸಿಗುತ್ತೆ. ಇಲ್ಲಿ ಆ ಹೆಸರು ಬೇರೆಯವರು ಹಚ್ಚೋದು. ಜಾರ್ಖಂಡ್, ಅಸ್ಸಾಂ ಕಡೆ ಇನ್ನೂ ಕೊಲೆಗಳೇ ಆಗ್ತವೆ. ಎಷ್ಟೋ ಕಡೆ ಹಿಂದೆ ನಿಂತಿರೋದು ಜಮೀನಿನ ತಕರಾರು. ಅಸ್ಸಾಂನ ಬಿರುಬಾಲಾ ರಾಭಾ ಅವರ ಮಗ ಕಾಯಿಲೆ ಬಿದ್ದಾಗ ಊರ ವೈದ್ಯ ಮೂರು ದಿನದಲ್ಲಿ ಸಾಯ್ತಾನೆ ಅಂದನಂತೆ. ಹುಡುಗ ಬದುಕಿದ. ಆಮೇಲೆ ಆ ತಾಯಿ ಜೀವಮಾನ ಪೂರ್ತಿ ಇದರ ವಿರುದ್ಧ ಓಡಾಡಿದರು, 2021ರಲ್ಲಿ ಪದ್ಮಶ್ರೀ ಬಂತು. ಬಿಹಾರ 1999ರಲ್ಲೇ ಕಾನೂನು ಮಾಡಿತು, ಅಸ್ಸಾಂ 2015ರಲ್ಲಿ. ನಮ್ಮಲ್ಲಿ 2017ರಲ್ಲಿ ವಾಮಾಚಾರ ತಡೆಗೆ ಕಾಯ್ದೆ ಆಯಿತು, ಜಾರಿಗೆ ಬಂದದ್ದು 2020ರಲ್ಲಿ. ದೆವ್ವ ಬಿಡಿಸ್ತೀನಿ ಅಂತ ಹೊಡೆಯೋದು, ಎಂಜಲೆಲೆ ಮೇಲೆ ಉರುಳಿಸೋದು ಅದರಲ್ಲಿ ಅಪರಾಧ.

ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಷ್ಟೇ.

ನೀಲಿ_ಕೊಡೆ
ಒಪ್ಪಿದೆ. ಆದರೆ ಕೊಲ್ಕತ್ತಾದ ಇಪ್ಸಿತಾ ರಾಯ್ ಚಕ್ರವರ್ತಿ ಅವರನ್ನೂ ನೋಡಿ. ತಾನು ವಿಕ್ಕನ್ ಅಂತ 1980ರ ದಶಕದಲ್ಲೇ ಬಹಿರಂಗವಾಗಿ ಹೇಳಿಕೊಂಡವರು. 1998ರಲ್ಲಿ ಹೂಗ್ಲಿಯಿಂದ ಲೋಕಸಭೆಗೂ ನಿಂತು ಸೋತರು. ಹಳ್ಳಿಗಳಲ್ಲಿ ಡಾಕಿನಿ ಅಂತ ಹೊಡೆಸಿಕೊಂಡ ಹೆಂಗಸರ ಪರವಾಗಿ ಕೆಲಸ ಮಾಡಿದ್ದಾರೆ.

ಬೀದರ_ಕೋಟೆ
ಅವರು ದೊಡ್ಡ ಮನೆತನದವರು ಮೇಡಂ. ಅವರು ಹೇಳಿಕೊಂಡರೆ ಪೇಪರಿನಲ್ಲಿ ಫೋಟೋ ಬರುತ್ತೆ. ನಮ್ಮ ಓಣಿಯವರು ಹೇಳಿಕೊಂಡಿದ್ದರೆ?

ಡಲ್ಲಾಸ್_ದಿವಾಕರ
ಅಮೆರಿಕದ ಕಡೆಯಿಂದ ಸ್ವಲ್ಪ. ಇಲ್ಲಿಗೆ ಇದನ್ನು ತಂದವನು ರೇಮಂಡ್ ಬಕ್‌ಲ್ಯಾಂಡ್, 1960ರ ದಶಕದಲ್ಲಿ, ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿಗೆ. ಮೊದಲು ಗುಂಪಿನವರು ದೀಕ್ಷೆ ಕೊಟ್ಟರೆ ಮಾತ್ರ ಒಳಗೆ. 1988ರಲ್ಲಿ ಸ್ಕಾಟ್ ಕನಿಂಗ್‌ಹ್ಯಾಮ್ ಒಂಟಿಯಾಗಿ ಆಚರಿಸುವವರಿಗೆ ಅಂತಲೇ ಪುಸ್ತಕ ಬರೆದ ಮೇಲೆ ಗುರು, ಗುಂಪು ಯಾವುದೂ ಬೇಡ ಅಂತಾಯ್ತು. ಈಗ ಟಿಕ್‌ಟಾಕ್ ನೋಡಿ, ಹರಳು ಮಾರೋದೇ ದೊಡ್ಡ ವ್ಯಾಪಾರ.

ಆದರೆ ಕಾನೂನಿನಲ್ಲಿ ಧರ್ಮ ಅಂತ ಮಾನ್ಯತೆ ಇದೆ. 1986ರಲ್ಲಿ ವರ್ಜೀನಿಯಾದ ಕೈದಿಯೊಬ್ಬನ ಕೇಸಿನಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಒಪ್ಪಿಕೊಂಡಿತು. 2007ರಿಂದ ಸತ್ತ ಸೈನಿಕರ ಸಮಾಧಿ ಕಲ್ಲಿನ ಮೇಲೆ ಅವರ ಐದು ಮೂಲೆಯ ನಕ್ಷತ್ರ ಕೆತ್ತಿಸಬಹುದು. ಅದಕ್ಕೆ ಸೈನಿಕರ ಹೆಂಡತಿಯರು ವರ್ಷಗಟ್ಟಲೆ ಹೋರಾಡಬೇಕಾಯಿತು.

ಕರಿಮೆಣಸು
ಒಟ್ಟು ಎಷ್ಟು ಜನ ಇದ್ದಾರಂತೆ?

ಲೀಡ್ಸ್_ಲಲಿತಾ
2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ವಿಕ್ಕಾ ಅಂತ ಬರೆಸಿದವರು ಸುಮಾರು 13,000. ಪೇಗನ್, ಅಂದರೆ ಕ್ರೈಸ್ತಪೂರ್ವ ದೇವತೆಗಳ ಕಡೆಯವರು ಅಂತ ಬರೆಸಿದವರು 74,000. ಪಕ್ಕದ ಮನೆಯವರು ಪೇಗನ್ ಅಂತಲೇ ಬರೆಸಿದ್ದರು, ಯಾಕೆ ಅಂದರೆ "ಕೌನ್ಸಿಲ್‌ನವರಿಗೆ ಜಾಸ್ತಿ ವಿವರ ಯಾಕೆ" ಅಂದರು.

ಎಲ್ಲಾ_ನಮ್ಮದೇ
13,000 ಜನಕ್ಕೆ ಇಷ್ಟು ಚರ್ಚೆಯಾ? ನಮ್ಮ ಊರ ಜಾತ್ರೆಗೆ ಅದಕ್ಕಿಂತ ಜಾಸ್ತಿ ಜನ ಸೇರ್ತಾರೆ.

ಕರಿಮೆಣಸು
ಜಾತ್ರೆಯಲ್ಲಿ ಮೀಟಿಂಗಿಗೆ ರಜೆ ಕೊಡಲ್ಲ ನೋಡಿ.

ವೇದಿಕೆ_ನಿರ್ವಾಹಕ
ಚಿತ್ರಾನ್ನದ ಬಗ್ಗೆ ಬಂದಿದ್ದ ಹದಿನಾಲ್ಕು ಉತ್ತರಗಳನ್ನು ಅಡುಗೆ ವಿಭಾಗಕ್ಕೆ ಕಳಿಸಿದ್ದೇವೆ. ನಿಂಬೆಹಣ್ಣೋ ಮಾವಿನಕಾಯಿಯೋ ಅಲ್ಲೇ ತೀರ್ಮಾನ ಮಾಡಿಕೊಳ್ಳಿ. ಯಾರ ನಂಬಿಕೆಯನ್ನೂ ಹೀಯಾಳಿಸಬೇಡಿ.

ನೀಲಿ_ಕೊಡೆ
ಗಾರ್ಡ್ನರ್ ಗಾರ್ಡ್ನರ್ ಅಂತೀರಿ, ವ್ಯಾಲಿಯೆಂಟೆಯ ಹೆಸರು ಒಂದೇ ಸಲ ಬಂತು. ಈ ಧರ್ಮದಲ್ಲಿ ಓದಲು ಚೆನ್ನಾಗಿರುವ ಸಾಲುಗಳನ್ನೆಲ್ಲ ಬರೆದವಳು ಆಕೆ. 1953ರಲ್ಲಿ ದೀಕ್ಷೆ ತಗೊಂಡಳು. ಪೂಜೆಯ ಪುಸ್ತಕ ನೋಡಿ, ಇದರಲ್ಲಿ ಕ್ರೌಲಿಯ ಸಾಲುಗಳಿವೆಯಲ್ಲ ಅಂತ ಮುಖಕ್ಕೆ ಹೇಳಿದಳು. ನಿನ್ನ ಕೈಲಿ ಇದಕ್ಕಿಂತ ಚೆನ್ನಾಗಿ ಆಗೋದಾದರೆ ನೀನೇ ಬರಿ ಅಂದನಂತೆ ಗಾರ್ಡ್ನರ್. ಬರೆದೇಬಿಟ್ಟಳು. ದೇವಿಯೇ ಭಕ್ತರಿಗೆ ಹೇಳುವಂತಿರುವ 'ಚಾರ್ಜ್ ಆಫ್ ದ ಗಾಡೆಸ್' ಈಗ ಎಲ್ಲರ ಬಾಯಲ್ಲಿರೋದು ಆಕೆಯ ಗದ್ಯದಲ್ಲಿ.

1957ರಲ್ಲಿ ಇಬ್ಬರಿಗೂ ಜಗಳ. ಅವನಿಗೆ ಪೇಪರಿನವರ ಮುಂದೆ ಮಾತಾಡೋ ಚಟ, ಅದಕ್ಕೆ ಕಡಿವಾಣ ಹಾಕಬೇಕು ಅಂತ ವ್ಯಾಲಿಯೆಂಟೆ ಕಡೆಯವರು ನಿಯಮ ಬರೆದರು. ಅವನು ತಟ್ಟನೆ "ನಮ್ಮಲ್ಲಿ ಪ್ರಾಚೀನ ನಿಯಮಗಳು ಮೊದಲೇ ಇವೆ" ಅಂತ ಒಂದು ಪಟ್ಟಿ ತೆಗೆದ. ಅದರಲ್ಲೊಂದು, ವಯಸ್ಸಾದ ಮೇಲೆ ಪೂಜಾರಿಣಿ ಚಿಕ್ಕವಳಿಗೆ ಜಾಗ ಬಿಟ್ಟುಕೊಡಬೇಕು ಅಂತ! ಆಕೆಗೆ ಆಗ ಇನ್ನೂ ಮೂವತ್ತೈದು. ಗುಂಪು ಕಟ್ಟಿಕೊಂಡು ಹೊರಗೆ ನಡೆದಳು.

ಅಡುಗೆಮನೆ_ಅನಸೂಯ
ಪ್ರಾಚೀನ ನಿಯಮ ಬೇಕಾದಾಗ ಬೇಕಾದ ಹಾಗೆ ಸಿಗೋದು ಎಲ್ಲ ಊರಲ್ಲೂ ಇದ್ದದ್ದೇ ಬಿಡಿ.

ಕರಿಮೆಣಸು
ಇದೊಂದು ವಿಷಯಕ್ಕೆ ಈ ಧರ್ಮ ನಿಜವಾದ ಧರ್ಮ ಅಂತ ನಾನೂ ಒಪ್ತೀನಿ.

ಡಲ್ಲಾಸ್_ದಿವಾಕರ
ಡಿಸೆಂಬರಿನಲ್ಲಿ ಲಂಡನ್ನಿಗೆ ಹೋಗ್ತಿದ್ದೇನೆ. ಇದಕ್ಕೆ ಸಂಬಂಧಪಟ್ಟ ಜಾಗ ಏನಾದರೂ ನೋಡೋ ಹಾಗಿದೆಯಾ?

ಹಳೇ_ಪುಸ್ತಕ
ಕಾರ್ನ್‌ವಾಲ್‌ನ ಬಾಸ್‌ಕ್ಯಾಸಲ್‌ನಲ್ಲಿ ವಿಚ್‌ಕ್ರಾಫ್ಟ್ ಮ್ಯೂಸಿಯಂ ಇದೆ. 1951ರಲ್ಲಿ ಐಲ್ ಆಫ್ ಮ್ಯಾನ್‌ನಲ್ಲಿ ಶುರು ಮಾಡಿದ ಸೆಸಿಲ್ ವಿಲಿಯಮ್‌ಸನ್ ಆಮೇಲೆ ಅಲ್ಲಿಗೆ ತಂದದ್ದು. ಲಂಡನ್ನಿನಿಂದ ದೂರ, ಚಳಿಗಾಲದಲ್ಲಿ ಬಾಗಿಲು ಹಾಕಿರುತ್ತೆ, ಫೋನ್ ಮಾಡಿಯೇ ಹೋಗಿ. ಹತ್ತಿರ ಬೇಕು ಅಂದರೆ ಬ್ರೈಟನ್. ವ್ಯಾಲಿಯೆಂಟೆ ಇದ್ದ ಕೌನ್ಸಿಲ್ ಫ್ಲಾಟಿನ ಗೋಡೆಗೆ 2013ರಲ್ಲಿ ನೀಲಿ ಫಲಕ ಹಾಕಿದ್ದಾರೆ. ಒಳಗೆ ಹೋಗೋ ಹಾಗಿಲ್ಲ, ಜನ ವಾಸ ಇದ್ದಾರೆ.

ಲೀಡ್ಸ್_ಲಲಿತಾ
ಬ್ರೈಟನ್‌ಗೆ ರೈಲಿನಲ್ಲಿ ಒಂದು ಗಂಟೆ. ಶನಿವಾರ ಹೋಗಬೇಡಿ, ನಿಲ್ಲೋಕೂ ಜಾಗ ಇರಲ್ಲ. ಅನಸೂಯಕ್ಕ, ಕೋಡುಬಳೆ ಮಿಕ್ಕಿದ್ದರೆ ದಿವಾಕರ್ ಕೈಲಿ ಕಳಿಸಿ.